ಗ್ರಾಹಕ ವರ್ತನೆಯ ಅಧ್ಯಯನ: ಒಂದು ಖರೀದಿಯಿಂದ ಪ್ರಬಂಧದವರೆಗೆ

ಮುಂಬಯಿ, ಠಾಣೆ, ಡೊಂಬಿವಲಿ ಮತ್ತು ಪುಣೆಯ ಕನ್ನಡ ಮನೆಗಳಿಂದ ಎಂ.ಕಾಂ., ಎಂಬಿಎ ಅಥವಾ ಮನಶ್ಶಾಸ್ತ್ರದ ಸ್ನಾತಕೋತ್ತರ ತರಗತಿಗೆ ಸೇರಿದ ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆಗಳು ವರ್ಷವರ್ಷವೂ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. "ಗ್ರಾಹಕ ವರ್ತನೆಯ ಪೇಪರ್ ತೆಗೆದುಕೊಂಡಿದ್ದೇನೆ, ಸಿದ್ಧಾಂತಗಳು ತಲೆಯಲ್ಲಿ ನಿಲ್ಲುತ್ತಿಲ್ಲ, ಏನು ಮಾಡಲಿ?" "ಪ್ರಾಜೆಕ್ಟಿಗೆ ಎಷ್ಟು ಜನರಿಂದ ಫಾರ್ಮ್ ತುಂಬಿಸಬೇಕು?" "ಯುಪಿಐ ಬಗ್ಗೆ ಮಾಡಿದರೆ ಗೈಡ್ ಒಪ್ಪುತ್ತಾರೆಯೇ?" ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳುತ್ತ ಬಂದದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಈ ಮೂರೂ ಪ್ರಶ್ನೆಗಳ ಹಿಂದೆ ಇರುವುದು ಒಂದೇ ತೊಡಕು. ಹೆಚ್ಚಿನವರು ಪಠ್ಯಪುಸ್ತಕದಿಂದ ಒಂದು ಸಿದ್ಧಾಂತವನ್ನು ಆರಿಸುತ್ತಾರೆ, ಅದಕ್ಕೆ ಹೊಂದುವ ಪ್ರಶ್ನಾವಳಿಯನ್ನು ಇನ್ನೊಬ್ಬರ ಪ್ರಬಂಧದಿಂದ ಎತ್ತಿಕೊಳ್ಳುತ್ತಾರೆ, ವಾಟ್ಸ್ಯಾಪಿನಲ್ಲಿ ಹಂಚುತ್ತಾರೆ, ಉತ್ತರಗಳು ಬಂದು ಬಿದ್ದ ಮೇಲೆ ತಾವು ಏನನ್ನು ತಿಳಿಯಲು ಹೊರಟಿದ್ದೆವು ಎಂದು ಯೋಚಿಸಲು ಕೂರುತ್ತಾರೆ. ನಾನು ಹೇಳುವ ಕ್ರಮ ಇದಕ್ಕೆ ತಿರುವುಮುರುವು. ಕಣ್ಣೆದುರಿನ ಒಂದು ಖರೀದಿ ಮೊದಲು ಬರಬೇಕು, ಅದರಿಂದ ಪ್ರಶ್ನೆ ಹುಟ್ಟಬೇಕು, ಸಿದ್ಧಾಂತ ಆಮೇಲೆ, ಪ್ರಶ್ನಾವಳಿ ಎಲ್ಲಕ್ಕಿಂತ ಕೊನೆಗೆ.

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ದಿನಾಂಕ ಹಾಕಿ ಬರೆಯುವ ಒಂದು ನೋಟ್‌ಬುಕ್, ನಿಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದ ಕಾರ್ಡು, ಜಮೋವಿ ಅಥವಾ ಜಾಸ್ಪ್ ಎಂಬ ಉಚಿತ ಸಂಖ್ಯಾಶಾಸ್ತ್ರ ತಂತ್ರಾಂಶ ಇರುವ ಒಂದು ಲ್ಯಾಪ್‌ಟಾಪ್, ಇವಿಷ್ಟು ಸಾಕು. ಸಮಯ ಮಾತ್ರ ಧಾರಾಳವಾಗಿ ಬೇಕು. ಪ್ರಬಂಧ ಒಪ್ಪಿಸುವ ದಿನಕ್ಕಿಂತ ಐದು ತಿಂಗಳಾದರೂ ಮೊದಲು ಆರಂಭಿಸಿ.

1. ಕ್ಷೇತ್ರದ ನಕ್ಷೆಯನ್ನು ಒಂದು ಪುಟದಲ್ಲಿ ಬರೆದುಕೊಳ್ಳಿ

ಜನರು ವಸ್ತುಗಳನ್ನೂ ಸೇವೆಗಳನ್ನೂ ಹೇಗೆ ಆರಿಸುತ್ತಾರೆ, ಕೊಳ್ಳುತ್ತಾರೆ, ಬಳಸುತ್ತಾರೆ ಮತ್ತು ಬಿಸಾಡುತ್ತಾರೆ ಎಂಬುದರ ಅಧ್ಯಯನವೇ ಗ್ರಾಹಕ ವರ್ತನೆ. ಇದು ಒಂದೇ ಬೇರಿನ ಮರವಲ್ಲ, ಸಿದ್ಧಾಂತಗಳು ಒಂದರೊಡನೊಂದು ಗೋಜಲಾಗುವುದು ಇದೇ ಕಾರಣಕ್ಕೆ. ಸಮಾಜಶಾಸ್ತ್ರದ ಕಡೆಯಿಂದ ಥಾರ್ಸ್ಟೀನ್ ವೆಬ್ಲೆನ್ 1899ರಲ್ಲಿಯೇ ಪ್ರದರ್ಶನಕ್ಕಾಗಿ ಮಾಡುವ ಖರ್ಚನ್ನು ಕುರಿತು ಬರೆದಿದ್ದರು. ಮನಶ್ಶಾಸ್ತ್ರದ ಕಡೆಯಿಂದ ಲಿಯಾನ್ ಫೆಸ್ಟಿಂಗರ್ 1957ರಲ್ಲಿ ಅರಿವಿನ ವಿಸಂಗತಿಯ ಸಿದ್ಧಾಂತವನ್ನು ಕೊಟ್ಟರು. ದುಬಾರಿ ಫ್ರಿಜ್ ಕೊಂಡು ಬಂದ ರಾತ್ರಿ "ಬೇರೆ ಕಂಪನಿಯದೇ ಒಳ್ಳೆಯದಿತ್ತೇನೋ" ಎಂದು ಕಾಡುವ ಅಳುಕನ್ನು ಅದು ವಿವರಿಸುತ್ತದೆ. ಎಂಗೆಲ್, ಕೊಲಾಟ್ ಮತ್ತು ಬ್ಲ್ಯಾಕ್‌ವೆಲ್ 1968ರಲ್ಲಿಯೂ ಹೊವಾರ್ಡ್ ಮತ್ತು ಜಗದೀಶ್ ಶೇಠ್ 1969ರಲ್ಲಿಯೂ ಖರೀದಿಯ ಪೂರ್ತಿ ಪ್ರಕ್ರಿಯೆಯನ್ನು ಒಂದೇ ಚಿತ್ರದಲ್ಲಿ ಹಿಡಿಯಲು ಯತ್ನಿಸಿದರು. ಅರ್ಥಶಾಸ್ತ್ರದ ಅಂಚಿನಿಂದ ಕಾನ್‌ಮನ್ ಮತ್ತು ಟ್ವೆರ್ಸ್ಕಿ 1979ರಲ್ಲಿ, ಜನರಿಗೆ ನೂರು ರೂಪಾಯಿ ಸಿಕ್ಕ ಸಂತೋಷಕ್ಕಿಂತ ನೂರು ರೂಪಾಯಿ ಹೋದ ನೋವು ದೊಡ್ಡದೆಂದು ತೋರಿಸಿದರು. ಇನ್ನು ರಸೆಲ್ ಬೆಲ್ಕ್ 1988ರಲ್ಲಿ, ನಮ್ಮ ವಸ್ತುಗಳು ನಮ್ಮ ವ್ಯಕ್ತಿತ್ವದ ಚಾಚು ಎಂದು ವಾದಿಸಿ ಸಂಸ್ಕೃತಿಯ ದಾರಿಯನ್ನು ಹಿಡಿದರು.

ಈ ಹೆಸರುಗಳನ್ನು ಬಾಯಿಪಾಠ ಮಾಡಬೇಡಿ. ಪುಟವನ್ನು ಮೂರು ಕಂಬಗಳಾಗಿ ಗೀಟು ಹಾಕಿ: ಒಬ್ಬನ ತಲೆಯೊಳಗೆ ನಡೆಯುವುದನ್ನು ವಿವರಿಸುವವು, ಸುತ್ತಲಿನ ಜನರ ಪ್ರಭಾವವನ್ನು ವಿವರಿಸುವವು, ವಸ್ತುವಿಗೆ ಬಾಳಿನಲ್ಲಿ ಇರುವ ಅರ್ಥವನ್ನು ವಿವರಿಸುವವು. ಹೊಸ ಸಿದ್ಧಾಂತ ಕೇಳಿದಾಗಲೆಲ್ಲ ಅದು ಯಾವ ಕಂಬಕ್ಕೆ ಸೇರುತ್ತದೆ ಎಂದು ಬರೆದಿಡಿ.

ಇಲ್ಲಿಯೇ ಒಂದು ಎಚ್ಚರಿಕೆ ಹೇಳಬೇಕು. ಅಬ್ರಹಾಂ ಮ್ಯಾಸ್ಲೋ ಅವರ ಅಗತ್ಯಗಳ ಶ್ರೇಣಿಯನ್ನು, ಅಂದರೆ ಹಸಿವಿನಂಥ ಮೂಲ ಅಗತ್ಯದಿಂದ ಮೇಲೇರುತ್ತ ಹೋಗುವ ಮನುಷ್ಯನ ಅಗತ್ಯಗಳ ಸಾಲನ್ನು, ಪಿರಮಿಡ್ ಆಗಿ ಬಿಡಿಸದ ಪ್ರಾಜೆಕ್ಟನ್ನು ನಾನು ನೋಡಿದ್ದು ಕಡಿಮೆ. 1943ರ ಅವರ ಮೂಲ ಲೇಖನದಲ್ಲಿ ಪಿರಮಿಡ್ ಇಲ್ಲ. ಅದು ಆಮೇಲೆ ಬೇರೆಯವರು ಬಿಡಿಸಿದ್ದು. ಒಂದು ಅಗತ್ಯ ಪೂರ್ತಿ ತೀರಿದ ಮೇಲೆಯೇ ಮುಂದಿನದು ಎಂದೂ ಅವರು ಹೇಳಿಲ್ಲ. ಮೂಲವನ್ನು ಒಮ್ಮೆಯಾದರೂ ತೆರೆದು ನೋಡುವ ಅಭ್ಯಾಸ ಇಲ್ಲಿಂದಲೇ ಆರಂಭವಾಗಲಿ.

2. ಒಂದು ಖರೀದಿಯನ್ನು ನಿಂತು ನೋಡಿ

ಈ ಹಂತವನ್ನು ವಿದ್ಯಾರ್ಥಿಗಳು ಸುಲಭವೆಂದು ಬಿಟ್ಟುಬಿಡುತ್ತಾರೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಫಲ ಕೊಡುವುದು ಇದೇ.

ಅಂಗಡಿಯವರ ಒಪ್ಪಿಗೆ ಪಡೆದು ಮಾಟುಂಗದ ಒಂದು ಕಾಫಿಪುಡಿ ಅಂಗಡಿಯ ಬದಿಯಲ್ಲಿ ಅರ್ಧ ಗಂಟೆ ನಿಂತಿದ್ದೀರಿ ಎಂದಿಟ್ಟುಕೊಳ್ಳಿ. ಅರವತ್ತರ ಆಸುಪಾಸಿನ ಮಹಿಳೆಯೊಬ್ಬರು ಬರುತ್ತಾರೆ. "ಕಾಲು ಕಿಲೋ, ಎಂಬತ್ತು ಇಪ್ಪತ್ತು" ಎನ್ನುತ್ತಾರೆ. ಅಂದರೆ ಎಂಬತ್ತು ಪಾಲು ಕಾಫಿ, ಇಪ್ಪತ್ತು ಪಾಲು ಚಿಕೋರಿ. ಬೆಲೆ ಕೇಳುವುದಿಲ್ಲ. ಪುಡಿ ಬಿಸಿಯಾಗಿರುವಾಗಲೇ ಪೊಟ್ಟಣವನ್ನು ಮೂಗಿನ ಹತ್ತಿರ ತರುತ್ತಾರೆ. ಅವರ ಕೈಚೀಲದಲ್ಲಿ ಆಗಲೇ ಸೂಪರ್‌ಮಾರ್ಕೆಟಿನಿಂದ ತಂದ ಇನ್‌ಸ್ಟಂಟ್ ಕಾಫಿಯ ಒಂದು ಶೀಶೆ ಇದೆ. ಅಂಗಡಿಯವರು ಅದನ್ನು ನೋಡಿದ್ದು ತಿಳಿದ ಕೂಡಲೇ, ಕೇಳದಿದ್ದರೂ, "ಮಗ ಏಳೂ ಹನ್ನೆರಡರ ಲೋಕಲ್ ಹಿಡಿಯಬೇಕಲ್ಲ, ಅವನಿಗೆ" ಎನ್ನುತ್ತಾರೆ.

ಇಷ್ಟನ್ನು ಕಂಡಂತೆಯೇ ನೋಟ್‌ಬುಕ್ಕಿನಲ್ಲಿ ಬರೆಯಿರಿ; ಕಾರಣಗಳನ್ನು ಇನ್ನೂ ಸೇರಿಸಬೇಡಿ. ಆಮೇಲೆ ಅದೇ ಪುಟದ ಎದುರು ಬದಿಯಲ್ಲಿ ಪ್ರಶ್ನೆಗಳನ್ನು ಬರೆಯಿರಿ. ಕೊಂಡವರು ತಾಯಿ, ಕುಡಿಯುವವನು ಮಗ, ಹಾಗಾದರೆ ನಿರ್ಧರಿಸಿದವರು ಯಾರು? ಪಠ್ಯಪುಸ್ತಕ ಹೇಳುವ ಐದು ಪಾತ್ರಗಳು, ಅಂದರೆ ಮಾತು ಎತ್ತುವವರು, ಪ್ರಭಾವ ಬೀರುವವರು, ತೀರ್ಮಾನಿಸುವವರು, ಕೊಳ್ಳುವವರು, ಬಳಸುವವರು, ಇಲ್ಲಿ ತಾವಾಗಿಯೇ ಜೀವಂತವಾಗುತ್ತವೆ. ಇನ್ನೂ ಮುಖ್ಯವಾದದ್ದು ಆ ಸಮಜಾಯಿಷಿ. ಇನ್‌ಸ್ಟಂಟ್ ಶೀಶೆಗೆ ಅವರು ಏಕೆ ಕಾರಣ ಕೊಡಬೇಕಾಯಿತು?

ಇದೇ ಪ್ರಶ್ನೆಯನ್ನು ಅಮೆರಿಕದಲ್ಲಿ ಮೇಸನ್ ಹೇರ್ 1950ರಲ್ಲಿ ಬಹಳ ಜಾಣತನದಿಂದ ಕೇಳಿದ್ದರು. ಇನ್‌ಸ್ಟಂಟ್ ಕಾಫಿ ಏಕೆ ಬೇಡ ಎಂದು ನೇರವಾಗಿ ಕೇಳಿದರೆ ಗೃಹಿಣಿಯರು "ರುಚಿ ಇಲ್ಲ" ಎನ್ನುತ್ತಿದ್ದರು. ಹೇರ್ ಏಳು ಸಾಮಾನುಗಳ ಎರಡು ದಿನಸಿ ಚೀಟಿಗಳನ್ನು ಸಿದ್ಧಪಡಿಸಿದರು. ಒಂದರಲ್ಲಿ ನೆಸ್ಕೆಫೆ ಇನ್‌ಸ್ಟಂಟ್, ಇನ್ನೊಂದರಲ್ಲಿ ಮ್ಯಾಕ್ಸ್‌ವೆಲ್ ಹೌಸ್ ಕಾಫಿಪುಡಿ, ಉಳಿದ ಆರೂ ಒಂದೇ. ಬೇರೆಬೇರೆ ಗುಂಪುಗಳಿಗೆ ಒಂದೊಂದು ಚೀಟಿ ಕೊಟ್ಟು, ಈ ಚೀಟಿ ಬರೆದ ಹೆಂಗಸು ಎಂಥವಳಿರಬಹುದು ಎಂದು ಕೇಳಿದರು. ಇನ್‌ಸ್ಟಂಟ್ ಚೀಟಿ ಕಂಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಅವಳನ್ನು ಸೋಮಾರಿ ಎಂದರು. ತನ್ನ ಬಗ್ಗೆ ಹೇಳಲಾಗದ್ದನ್ನು ಜನ ಇನ್ನೊಬ್ಬರ ಬಗ್ಗೆ ಹೇಳುತ್ತಾರೆ. ಈ ವಿಧಾನಕ್ಕೆ ಪ್ರಕ್ಷೇಪಣ ತಂತ್ರ ಎಂಬ ಹೆಸರಿದೆ. 1970ರಲ್ಲಿ ಬೇರೆಯವರು ಇದನ್ನೇ ಮತ್ತೆ ಮಾಡಿದಾಗ ಆ ವ್ಯತ್ಯಾಸ ಕಾಣಲಿಲ್ಲ. ಕಾಲ ಬದಲಾದರೆ ವಸ್ತುವಿನ ಅರ್ಥವೂ ಬದಲಾಗುತ್ತದೆ. ಇಂದಿನ ಮುಂಬಯಿಯ ಕನ್ನಡ ಮನೆಯಲ್ಲಿ ಫಿಲ್ಟರಿಗೂ ಶೀಶೆಗೂ ಯಾವ ಅರ್ಥವಿದೆ ಎಂಬುದು ಈಗಲೂ ಕೇಳಬಹುದಾದ ಪ್ರಶ್ನೆ, ಅದಕ್ಕೆ ಎರಡು ಚೀಟಿಗಳಷ್ಟೇ ಸಾಕು.

ಇಂಥ ಐದಾರು ಖರೀದಿಗಳ ಟಿಪ್ಪಣಿ ಮಾಡಿ. ಒಂದು ತರಕಾರಿ ಗಾಡಿ, ಒಂದು ಮೊಬೈಲ್ ಅಂಗಡಿ, ಪುಣೆಯವರಾದರೆ ಲಕ್ಷ್ಮೀ ರಸ್ತೆಯ ಸೀರೆ ಅಂಗಡಿ, ಗೋವಾದಲ್ಲಿ ಓದುವವರಾದರೆ ಮ್ಹಾಪ್ಸಾದ ಶುಕ್ರವಾರದ ಸಂತೆ.

3. ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ಮುಂಬಯಿ ಗ್ರಾಹಕರ ವರ್ತನೆಯ ಅಧ್ಯಯನ" ಎಂಬುದು ಪ್ರಶ್ನೆಯಲ್ಲ, ಶೀರ್ಷಿಕೆಯೂ ಅಲ್ಲ. ಯಾರು, ಯಾವುದನ್ನು, ಎಲ್ಲಿ, ಯಾವಾಗ ಎಂಬ ನಾಲ್ಕೂ ಸಿಗುವವರೆಗೆ ವಾಕ್ಯವನ್ನು ತಿದ್ದುತ್ತಿರಿ. ಉದಾಹರಣೆಗೆ, "ಡೊಂಬಿವಲಿಯ ಹೌಸಿಂಗ್ ಸೊಸೈಟಿಗಳಲ್ಲಿ ವಾಸಿಸುವ, ಈಗ ಪೆಟ್ರೋಲ್ ಸ್ಕೂಟರ್ ಇಟ್ಟಿರುವ ಮನೆಗಳು ಮುಂದಿನ ಒಂದು ವರ್ಷದಲ್ಲಿ ವಿದ್ಯುತ್ ಸ್ಕೂಟರ್ ಕೊಳ್ಳಲು ಮುಂದಾಗುವುದನ್ನು ಯಾವುದು ಹೆಚ್ಚು ತಡೆಯುತ್ತದೆ: ಬೆಲೆಯೇ, ಅಕ್ಕಪಕ್ಕದವರ ಅಭಿಪ್ರಾಯವೇ, ಪಾರ್ಕಿಂಗಿನಲ್ಲಿ ಚಾರ್ಜಿಂಗ್ ಪಾಯಿಂಟಿಗೆ ಸೊಸೈಟಿ ಕಮಿಟಿಯ ಅನುಮತಿಯೇ?" ವಾಕ್ಯ ಉದ್ದವಾಯಿತೆಂದು ಅಂಜಬೇಡಿ.

ವಿಷಯ ಹೊಳೆಯದವರು ತಮ್ಮ ಊರಿನಲ್ಲಿಯೇ ಇರುವ ವಿಶೇಷವನ್ನು ನೋಡಲಿ. ಮುಂಬಯಿ ಗ್ರಾಹಕ ಪಂಚಾಯತ್ 1975ರಿಂದ ಇದೆ; ಅದರ ಸದಸ್ಯ ಮನೆಗಳು ಗುಂಪಾಗಿ ಸೇರಿ ತಿಂಗಳ ದಿನಸಿಯನ್ನು ಒಟ್ಟಿಗೆ ತರಿಸಿಕೊಳ್ಳುತ್ತವೆ. ಹತ್ತು ನಿಮಿಷದಲ್ಲಿ ಸಾಮಾನು ಮನೆಗೆ ಬರುವ ಕಾಲದಲ್ಲಿ ಒಂದು ಮನೆ ತಿಂಗಳ ಮೊದಲೇ ಪಟ್ಟಿ ಬರೆದುಕೊಡುವ ಶಿಸ್ತನ್ನು ಏಕೆ ಉಳಿಸಿಕೊಂಡಿದೆ ಎಂಬುದು ಒಳ್ಳೆಯ ಪ್ರಬಂಧಕ್ಕೆ ಸಾಲುವಷ್ಟು ದೊಡ್ಡ ಪ್ರಶ್ನೆ.

4. ಪ್ರಶ್ನೆಗೆ ತಕ್ಕ ಸಿದ್ಧಾಂತವನ್ನು ಆರಿಸಿ

ಮೇಲಿನ ಸ್ಕೂಟರ್ ಪ್ರಶ್ನೆಗೆ ಐಸೆಕ್ ಐಜೆನ್ ಅವರ ಯೋಜಿತ ವರ್ತನೆಯ ಸಿದ್ಧಾಂತ ಚೆನ್ನಾಗಿ ಹೊಂದುತ್ತದೆ. ಮಾರ್ಟಿನ್ ಫಿಶ್‌ಬೈನ್ ಅವರೊಡನೆ 1975ರಲ್ಲಿ ಮಂಡಿಸಿದ ಹಿಂದಿನ ಸಿದ್ಧಾಂತವನ್ನು ವಿಸ್ತರಿಸಿ ಐಜೆನ್ 1991ರಲ್ಲಿ ಬರೆದ ಲೇಖನವೇ ಇಂದಿಗೂ ಎಲ್ಲರೂ ಉಲ್ಲೇಖಿಸುವಂಥದ್ದು. ಅದರ ಪ್ರಕಾರ ನಮ್ಮ ಸಂಕಲ್ಪ, ಅಂದರೆ ಮಾಡಬೇಕೆಂಬ ನಿರ್ಧಾರದ ಬಲ, ಮೂರರಿಂದ ರೂಪುಗೊಳ್ಳುತ್ತದೆ. ಆ ಕೆಲಸದ ಬಗ್ಗೆ ನಮಗಿರುವ ಮನೋಭಾವ ಒಂದು. ನಾವು ಯಾರ ಮಾತಿಗೆ ಬೆಲೆ ಕೊಡುತ್ತೇವೋ ಅವರು ಏನೆನ್ನುತ್ತಾರೆ ಎಂಬುದು ಇನ್ನೊಂದು. ಕೆಲಸ ನಮ್ಮ ಕೈಯಲ್ಲಿದೆಯೇ ಎಂಬ ನಮ್ಮ ಅಂದಾಜು ಮೂರನೆಯದು. ವಿದ್ಯುತ್ ಸ್ಕೂಟರ್ ಒಳ್ಳೆಯದೆಂದು ಮನೆಯ ಎಲ್ಲರೂ ಒಪ್ಪಿರಬಹುದು, ಪಕ್ಕದ ಮನೆಯವರೂ ಹೊಗಳಿರಬಹುದು. ಕಮಿಟಿ ಮೀಟಿಂಗಿನಲ್ಲಿ ಚಾರ್ಜಿಂಗ್ ಪಾಯಿಂಟಿಗೆ ಒಪ್ಪಿಗೆ ಸಿಗದಿದ್ದರೆ ಸಂಕಲ್ಪ ಅಲ್ಲಿಯೇ ನಿಲ್ಲುತ್ತದೆ. ಮೂರನೆಯ ಅಂಶ ಏಕೆ ಬೇಕಾಯಿತು ಎಂಬುದು ಈ ಒಂದು ಉದಾಹರಣೆಯಿಂದ ಎಷ್ಟು ಸ್ಪಷ್ಟವಾಗುತ್ತದೆಯೋ ಹತ್ತು ಪುಟದ ನೋಟ್ಸಿನಿಂದ ಅಷ್ಟು ಆಗುವುದಿಲ್ಲ.

ಈ ಸಿದ್ಧಾಂತವನ್ನು ಬಳಸುವವರು ಮರೆಯುವ ನಿಯಮವೊಂದಿದೆ. ಮನೋಭಾವವನ್ನೂ ವರ್ತನೆಯನ್ನೂ ಒಂದೇ ಅಳತೆಯಲ್ಲಿ ಕೇಳಬೇಕು. "ಪರಿಸರ ಕಾಪಾಡಬೇಕೇ?" ಎಂದು ಕೇಳಿ ಅದರಿಂದ ಸ್ಕೂಟರ್ ಖರೀದಿಯನ್ನು ಊಹಿಸಲು ಹೊರಟರೆ ಏನೂ ಸಿಗುವುದಿಲ್ಲ, ಏಕೆಂದರೆ ಒಂದು ಪ್ರಶ್ನೆ ಲೋಕದಷ್ಟು ದೊಡ್ಡದು, ಇನ್ನೊಂದು ಒಂದು ಷೋರೂಮಿನಷ್ಟು ಚಿಕ್ಕದು. ಸಂಕಲ್ಪಕ್ಕೂ ನಿಜವಾದ ಖರೀದಿಗೂ ಅಂತರವಿದೆ ಎಂಬುದನ್ನೂ ನೆನಪಿಡಿ. ಸಾಧ್ಯವಾದರೆ ಕೆಲವು ಮನೆಗಳಿಂದ ನಾಲ್ಕು ವಾರಗಳ ಬಿಲ್ಲುಗಳನ್ನು ಒಂದು ಕವರಿನಲ್ಲಿ ಹಾಕಿಸಿಕೊಳ್ಳಿ. ಹೇಳಿದ್ದಕ್ಕೂ ಕೊಂಡದ್ದಕ್ಕೂ ಇರುವ ವ್ಯತ್ಯಾಸ ಆ ಕವರಿನಲ್ಲಿ ಸಿಗುತ್ತದೆ.

ಯುಪಿಐ ಬಗ್ಗೆ ಕೇಳುವವರಿಗೆ ಒಂದು ಮಾತು. ಫ್ರೆಡ್ ಡೇವಿಸ್ 1989ರಲ್ಲಿ ಕೊಟ್ಟ ತಂತ್ರಜ್ಞಾನ ಸ್ವೀಕಾರ ಮಾದರಿ, ಕಚೇರಿಯ ಕಂಪ್ಯೂಟರ್ ತಂತ್ರಾಂಶವನ್ನು ನೌಕರರು ಒಪ್ಪುವರೇ ಎಂದು ತಿಳಿಯಲು ಹುಟ್ಟಿದ್ದು. ಉಪಯುಕ್ತವೆನಿಸುವುದು ಮತ್ತು ಸುಲಭವೆನಿಸುವುದು, ಇವೆರಡೇ ಅದರ ತಿರುಳು. ಯುಪಿಐ 2016ರಲ್ಲಿ ಬಂದ ಹೊಸದರಲ್ಲಿ ಈ ಪ್ರಶ್ನೆಗೆ ಅರ್ಥವಿತ್ತು. ಈಗ ನಿಮ್ಮ ಕಾಲೇಜಿನಲ್ಲಿ ಅದನ್ನು ಬಳಸದವರನ್ನು ಹುಡುಕಿದರೂ ಸಿಗುವುದು ಕಷ್ಟ. ಎಲ್ಲರೂ "ಹೌದು" ಎನ್ನುವ ಕಡೆ ಉತ್ತರಗಳಲ್ಲಿ ವ್ಯತ್ಯಾಸವಿರುವುದಿಲ್ಲ, ವ್ಯತ್ಯಾಸವಿಲ್ಲದ ಕಡೆ ಕಾರಣ ಹುಡುಕಲು ಬರುವುದಿಲ್ಲ. ಯುಪಿಐ ಮೇಲೆಯೇ ಮನಸ್ಸಿದ್ದರೆ, ನೋಟು ಎಣಿಸಿ ಕೊಡುವುದಕ್ಕಿಂತ ಸ್ಕ್ಯಾನ್ ಮಾಡಿ ಕೊಟ್ಟಾಗ ಖರ್ಚು ಕಡಿಮೆ ನೆನಪಿರುತ್ತದೆಯೇ ಎಂದು ಕೇಳಿ.

5. ಸಂಶೋಧನಾ ಲೇಖನಗಳನ್ನು ಓದುವ ಕ್ರಮ

ಮುಂಬಯಿ ವಿಶ್ವವಿದ್ಯಾಲಯದವರಿಗೆ ಕಲೀನಾದ ಜವಾಹರಲಾಲ್ ನೆಹರು ಗ್ರಂಥಾಲಯ, ಪುಣೆಯವರಿಗೆ ಜಯಕರ್ ಗ್ರಂಥಾಲಯ ಇದೆ. 2025ರ ಜನವರಿಯಿಂದ ಒಂದು ರಾಷ್ಟ್ರ ಒಂದು ಚಂದಾ ಯೋಜನೆಯಡಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ದುಬಾರಿ ಅಂತರರಾಷ್ಟ್ರೀಯ ನಿಯತಕಾಲಿಕೆಗಳು ತೆರೆದಿವೆ. ನಿಮ್ಮ ಲಾಗಿನ್ ಯಾವುದೆಂದು ಗ್ರಂಥಪಾಲಕರನ್ನು ಕೇಳಿ. ಭಾರತದ ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಎಂಬ ಆನ್‌ಲೈನ್ ಸಂಗ್ರಹ ಇದೆ. 1974ರಲ್ಲಿ ಆರಂಭವಾದ ಜರ್ನಲ್ ಆಫ್ ಕನ್ಸ್ಯೂಮರ್ ರಿಸರ್ಚ್ ಈ ಕ್ಷೇತ್ರದ ಪ್ರಮುಖ ಪತ್ರಿಕೆ. ಹಣ ಕೊಟ್ಟರೆ ಒಂದು ವಾರದಲ್ಲಿ ಪ್ರಕಟಿಸುತ್ತೇವೆ ಎನ್ನುವ ಪತ್ರಿಕೆಗಳ ಲೇಖನಗಳನ್ನು ಆಧಾರವಾಗಿ ತೆಗೆದುಕೊಳ್ಳಬೇಡಿ.

ಲೇಖನವನ್ನು ಮೊದಲ ಸಾಲಿನಿಂದ ಓದಬೇಡಿ. ಸಾರಾಂಶ, ಆಮೇಲೆ ವಿಧಾನದ ಭಾಗ, ಆಮೇಲೆ ಕೋಷ್ಟಕಗಳು, ಕೊನೆಗೆ ಪೀಠಿಕೆ. ಯಾರನ್ನು, ಎಷ್ಟು ಜನರನ್ನು, ಎಲ್ಲಿ ಕೇಳಿದರು ಎಂಬುದನ್ನು ಒಂದೇ ಸಾಲಿನಲ್ಲಿ ಬರೆದಿಡಿ.

ಒಂದು ಅಧ್ಯಯನ ಪ್ರಸಿದ್ಧವಾಗಿದೆ ಎಂದ ಮಾತ್ರಕ್ಕೆ ಅದು ಗಟ್ಟಿ ಎಂದಲ್ಲ. ಐಯಂಗಾರ್ ಮತ್ತು ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಜ್ಯಾಮ್ ಪ್ರಯೋಗವನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ: 24 ಬಗೆ ಇಟ್ಟಾಗ ರುಚಿ ನೋಡಿದವರಲ್ಲಿ ಸುಮಾರು 3 ಶೇಕಡ ಕೊಂಡರು, 6 ಬಗೆ ಇಟ್ಟಾಗ ಸುಮಾರು 30 ಶೇಕಡ. ಆದರೆ 2010ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ಲೆಕ್ಕ ಮಾಡಿದಾಗ ಸರಾಸರಿ ಪರಿಣಾಮ ಸೊನ್ನೆಯ ಹತ್ತಿರ ಬಂತು. ಆಯ್ಕೆ ಹೆಚ್ಚಾದರೆ ಕೆಲವೊಮ್ಮೆ ಗೊಂದಲ, ಕೆಲವೊಮ್ಮೆ ಅನುಕೂಲ ಎಂದಷ್ಟೇ ಈಗ ಹೇಳಬಹುದು. ಆಹಾರದ ತಟ್ಟೆ, ಬಟ್ಟಲುಗಳ ಗಾತ್ರದ ಬಗ್ಗೆ ಹೆಸರು ಮಾಡಿದ್ದ ಬ್ರಯಾನ್ ವಾನ್‌ಸಿಂಕ್ ಅವರ ಹಲವು ಲೇಖನಗಳನ್ನು ಪತ್ರಿಕೆಗಳು ಹಿಂತೆಗೆದುಕೊಂಡಿವೆ. 2018ರಲ್ಲಿ ಒಂದೇ ಸಲಕ್ಕೆ ಆರು ಹೋದವು. ಉಲ್ಲೇಖಿಸುವ ಮುನ್ನ ಲೇಖನದ ಪುಟದಲ್ಲಿ ಹಿಂತೆಗೆತದ ಸೂಚನೆ ಇದೆಯೇ ಎಂದು ನೋಡಿ.

6. ಪ್ರಶ್ನಾವಳಿ, ಮತ್ತು ಅದರ ಕನ್ನಡ

ನಮ್ಮವರನ್ನು ಕೇಳುವ ಅಧ್ಯಯನಗಳು ಹೆಚ್ಚಾಗಿ ಕೆಡುವುದು ಇಲ್ಲಿ. ನೇರವಾಗಿ ಅಳೆಯಲಾಗದ, ಹಲವು ಪ್ರಶ್ನೆಗಳ ಮೂಲಕವೇ ಹಿಡಿಯಬೇಕಾದ ಗುಣಕ್ಕೆ ಕನ್‌ಸ್ಟ್ರಕ್ಟ್ ಎನ್ನುತ್ತಾರೆ. ನಂಬಿಕೆ, ತೃಪ್ತಿ, ಸಂಕಲ್ಪ ಎಲ್ಲವೂ ಕನ್‌ಸ್ಟ್ರಕ್ಟುಗಳೇ. ಇವಕ್ಕೆ ಪರೀಕ್ಷೆಗೊಳಗಾದ ಪ್ರಶ್ನೆಗಳ ಗುಂಪು ಇಂಗ್ಲಿಷಿನಲ್ಲಿ ಸಿಗುತ್ತದೆ. ಅವನ್ನು ಬಳಸುವುದು ಸರಿ. ಪದಕ್ಕೆ ಪದ ಇಟ್ಟು ಕನ್ನಡಕ್ಕೆ ತರುವುದು ಸರಿಯಲ್ಲ.

"ಕೊಳ್ಳುವ ಉದ್ದೇಶವನ್ನು ಹೊಂದಿದ್ದೇನೆ" ಎಂಬ ವಾಕ್ಯವನ್ನು ಕಾಂದಿವಲಿಯ ಒಬ್ಬ ಗೃಹಿಣಿಗೆ ಓದಿ ಹೇಳಿದರೆ ಅವರು ನಿಮ್ಮ ಮುಖ ನೋಡುತ್ತಾರೆ. "ಕೊಳ್ಳುವ ಯೋಚನೆ ಇದೆ" ಎಂದರೆ ಬಹಳ ಸಡಿಲ, ಯೋಚನೆ ಯಾರಿಗಿಲ್ಲ? "ಕೊಳ್ಳಬೇಕೆಂದಿದ್ದೇನೆ" ಎಂದರೆ ನಿರ್ಧಾರದ ಬಲ ಬರುತ್ತದೆ. ಮೂರೂ ಒಂದೇ ಎಂದುಕೊಂಡು ಯಾವುದನ್ನೋ ಹಾಕಿದರೆ ನಿಮ್ಮ ಸಂಕಲ್ಪದ ಅಂಕಗಳೇ ಬದಲಾಗುತ್ತವೆ. ಹಾಗೆಯೇ, ಇಂಗ್ಲಿಷ್ ಪ್ರಶ್ನಾವಳಿಯ ಒಂದು ಮಾತನ್ನು "ನನಗೆ ಮುಖ್ಯರಾದ ವ್ಯಕ್ತಿಗಳು" ಎಂದು ತಂದದ್ದನ್ನು ಓದಿ, ಹಿರಿಯರೊಬ್ಬರು ಸಂಘದ ಅಧ್ಯಕ್ಷರ ಬಗ್ಗೆ ಕೇಳುತ್ತಿದ್ದಾರೆ ಎಂದು ತಿಳಿದರು. "ನಾನು ಯಾರ ಮಾತಿಗೆ ಬೆಲೆ ಕೊಡುತ್ತೇನೋ ಅವರು" ಎಂದು ಬದಲಿಸಿದ ಮೇಲೆ ಹೆಂಡತಿ, ಭಾವ, ಆಫೀಸಿನ ಗೆಳೆಯ ಎಂದು ಸರಿಯಾದ ಜನ ನೆನಪಾದರು.

ಇದಕ್ಕೆ ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದ ಮರು ಅನುವಾದದ ವಿಧಾನವಿದೆ. ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕು. ಮೂಲವನ್ನು ನೋಡದ ಇನ್ನೊಬ್ಬರು ಕನ್ನಡದಿಂದ ಇಂಗ್ಲಿಷಿಗೆ ತರಬೇಕು. ಎರಡು ಇಂಗ್ಲಿಷ್ ಪ್ರತಿಗಳು ಎಲ್ಲಿ ಬೇರೆಯಾದವೋ ಅಲ್ಲಿ ಕುಳಿತು ತಿದ್ದಬೇಕು. ಇಲ್ಲಿಯ ಕನ್ನಡಿಗರಲ್ಲಿ ಬಹಳ ಮಂದಿಯ ಮನೆಮಾತು ತುಳು ಅಥವಾ ಕೊಂಕಣಿ. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳಲ್ಲಿ ಕನ್ನಡ ಆಡಬಲ್ಲವರು ಉಂಟು, ಓದಬಲ್ಲವರು ಕಡಿಮೆ. ಆದ್ದರಿಂದ ಪ್ರಶ್ನಾವಳಿಯನ್ನು ಓದಿ ಹೇಳಬೇಕಾದೀತೆಂದು ಮೊದಲೇ ಲೆಕ್ಕ ಹಾಕಿ, ಎಲ್ಲರಿಗೂ ಅದೇ ಮಾತುಗಳಲ್ಲಿ ಓದಿ.

ರೆನ್ಸಿಸ್ ಲೈಕರ್ಟ್ 1932ರಲ್ಲಿ ಕೊಟ್ಟ ಮಾಪಕ, ಅಂದರೆ ಸಂಪೂರ್ಣ ಒಪ್ಪುತ್ತೇನೆ ಎಂಬುದರಿಂದ ಸ್ವಲ್ಪವೂ ಒಪ್ಪುವುದಿಲ್ಲ ಎಂಬವರೆಗಿನ ಐದು ಮೆಟ್ಟಿಲು, ನಿಮಗೆ ಗೊತ್ತೇ ಇದೆ. ನಡುವಿನ ಮೆಟ್ಟಿಲಿಗೆ "ತಟಸ್ಥ" ಎಂದು ಬರೆದರೆ ಗೊತ್ತಿಲ್ಲದವರೂ ಅಲ್ಲಿಯೇ ಗುರುತು ಹಾಕುತ್ತಾರೆ. "ಗೊತ್ತಿಲ್ಲ" ಎಂಬುದನ್ನು ಬೇರೆಯಾಗಿ ಇಡಿ. "ಈ ಅಂಗಡಿಯ ಸಾಮಾನು ಒಳ್ಳೆಯದು ಮತ್ತು ಅಗ್ಗ" ಎಂಬಂತೆ ಎರಡು ಮಾತನ್ನು ಒಂದರಲ್ಲಿ ಕೇಳಬೇಡಿ. ಮನೆಗೆ ಬಂದ ಹುಡುಗಿಗೆ ಬೇಸರವಾಗಬಾರದೆಂದು ಎಲ್ಲದಕ್ಕೂ ಹೌದೆನ್ನುವ ಹಿರಿಯರು ಇರುತ್ತಾರೆ. ಅಲ್ಲೊಂದು ಇಲ್ಲೊಂದು ಪ್ರಶ್ನೆಯನ್ನು ತಿರುಗಿಸಿ ಬರೆದರೆ ಇದು ತಿಳಿಯುತ್ತದೆ. ತಿರುಗಿಸಿದ ಪ್ರಶ್ನೆಗಳ ಅಂಕವನ್ನು ಲೆಕ್ಕಕ್ಕೆ ಮುನ್ನ ಮತ್ತೆ ನೇರ ಮಾಡುವುದನ್ನು ಮರೆಯಬೇಡಿ.

ಆದಾಯವನ್ನು ನೇರವಾಗಿ ಕೇಳಿದರೆ ನಿಜವಾದ ಉತ್ತರ ಬರುವುದು ಅಪರೂಪ. ಮನೆಗಳ ಆರ್ಥಿಕ ಮಟ್ಟವನ್ನು ಗುರುತಿಸಲು 2011ರಿಂದ ಮಾರುಕಟ್ಟೆ ಸಂಶೋಧಕರು ಬಳಸುತ್ತಿರುವ ಎನ್‌ಸಿಸಿಎಸ್ ವರ್ಗೀಕರಣ ಎರಡೇ ಸಂಗತಿ ಕೇಳುತ್ತದೆ: ಮನೆಯ ಮುಖ್ಯ ದುಡಿಮೆಗಾರರ ವಿದ್ಯಾಭ್ಯಾಸ, ಮತ್ತು ಕೊಟ್ಟ ಹನ್ನೊಂದು ವಸ್ತುಗಳಲ್ಲಿ ಮನೆಯಲ್ಲಿ ಎಷ್ಟಿವೆ. ಸಂಕೋಚವಿಲ್ಲದೆ ಉತ್ತರ ಸಿಗುತ್ತದೆ.

ಹಂಚುವ ಮುನ್ನ ಐದು ಜನರ ಪಕ್ಕದಲ್ಲಿ ಕುಳಿತು, ಪ್ರತಿ ಪ್ರಶ್ನೆಗೂ ಏನು ಅರ್ಥ ಮಾಡಿಕೊಂಡಿರಿ ಎಂದು ಬಾಯಿಬಿಟ್ಟು ಹೇಳಿಸಿ. ಆಮೇಲೆ ಇಪ್ಪತ್ತೈದು ಮೂವತ್ತು ಜನರೊಡನೆ ಪೈಲಟ್, ಅಂದರೆ ಸಣ್ಣ ಪ್ರಾಯೋಗಿಕ ಸುತ್ತು, ಮಾಡಿ.

7. ಯಾರನ್ನು, ಎಷ್ಟು ಜನರನ್ನು

ಈಗ ಎಲ್ಲರೂ ಕೇಳುವ ಆ ಸಂಖ್ಯೆಗೆ ಬರೋಣ. "384 ಸಾಕಲ್ಲವೇ?" ಎನ್ನುತ್ತಾರೆ. ಕ್ರೆಜ್‌ಸಿ ಮತ್ತು ಮಾರ್ಗನ್ ಅವರ 1970ರ ಕೋಷ್ಟಕದಿಂದ ಪ್ರಸಿದ್ಧವಾದ ಸಂಖ್ಯೆ ಇದು. ಲೆಕ್ಕ ಹೀಗಿದೆ: 95 ಶೇಕಡ ಭರವಸೆಗೆ 1.96ರ ವರ್ಗ, ಅಂದರೆ 3.8416, ಅದನ್ನು 0.5 ಗುಣಿಸು 0.5ರಿಂದ, ಅಂದರೆ 0.25ರಿಂದ ಗುಣಿಸಿ, 5 ಶೇಕಡ ತಪ್ಪಿನ ಮಿತಿಯ ವರ್ಗವಾದ 0.0025ರಿಂದ ಭಾಗಿಸಿದರೆ 384.16 ಬರುತ್ತದೆ. ಇದು ಒಂದು ದೊಡ್ಡ ಸಮಷ್ಟಿಯಲ್ಲಿ, ಅಂದರೆ ನೀವು ತಿಳಿಯಬಯಸುವ ಒಟ್ಟು ಜನರಲ್ಲಿ, ಎಷ್ಟು ಶೇಕಡ ಜನ ಹೌದೆನ್ನುತ್ತಾರೆ ಎಂದು ಅಂದಾಜಿಸುವುದಕ್ಕೆ ಬೇಕಾದ ಸಂಖ್ಯೆ. ಅದಕ್ಕೊಂದು ಷರತ್ತಿದೆ: ಆ ಸಮಷ್ಟಿಯ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಅವಕಾಶ ಇರಬೇಕು, ಆಯ್ಕೆ ಚೀಟಿ ಎತ್ತಿದಂತೆ ನಡೆಯಬೇಕು. ಇದಕ್ಕೆ ಯಾದೃಚ್ಛಿಕ ಮಾದರಿ ಎನ್ನುತ್ತಾರೆ.

ನೀವು ಗೂಗಲ್ ಫಾರ್ಮನ್ನು ತರಗತಿಯ ಗುಂಪು, ಸಂಘದ ಯುವ ವಿಭಾಗದ ಗುಂಪು ಮತ್ತು ಸೋದರತ್ತೆಯ ಸೊಸೈಟಿಯ ಗುಂಪಿಗೆ ಹಾಕಿದ್ದರೆ ಅದು ಅನುಕೂಲದ ಮಾದರಿ. ಅಲ್ಲಿ 384 ಬಂದರೂ 3,840 ಬಂದರೂ ಮುಂಬಯಿಯ ಬಗ್ಗೆ ಹೇಳುವ ಹಕ್ಕು ಬರುವುದಿಲ್ಲ. ಅನುಕೂಲದ ಮಾದರಿ ಬಳಸುವುದು ಅಪರಾಧವಲ್ಲ, ವಿದ್ಯಾರ್ಥಿಗಳಿಗೆ ಬೇರೆ ದಾರಿಯೂ ಕಡಿಮೆ. ಅದನ್ನು ಹಾಗೆಂದೇ ಬರೆದು, ಶೀರ್ಷಿಕೆಯನ್ನು ಕಿರಿದು ಮಾಡಿ.

ಇದಕ್ಕಿಂತ ಒಳ್ಳೆಯ ದಾರಿ ಚಿಕ್ಕದೊಂದು ಪ್ರಯೋಗ. ಎರಡು ದಿನಸಿ ಚೀಟಿಗಳಂತೆ, ಒಂದೇ ವಿವರವನ್ನು ಬದಲಿಸಿದ ಎರಡು ಪ್ರತಿ ಮಾಡಿ, ಯಾರಿಗೆ ಯಾವುದು ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿ. ಮಧ್ಯಮ ಗಾತ್ರದ ವ್ಯತ್ಯಾಸವನ್ನು ಹತ್ತರಲ್ಲಿ ಎಂಟು ಸಲ ಹಿಡಿಯಬೇಕಾದರೆ, ಬಳಕೆಯಲ್ಲಿರುವ 5 ಶೇಕಡ ಮಟ್ಟದಲ್ಲಿ, ಅಂದರೆ ಇಲ್ಲದ ವ್ಯತ್ಯಾಸವನ್ನು ಇದೆ ಎಂದುಬಿಡುವ ಅಪಾಯವನ್ನು ನೂರಕ್ಕೆ ಐದಕ್ಕೆ ಮಿತಿಗೊಳಿಸಿ, ಗುಂಪಿಗೆ 64 ಜನ ಬೇಕು. ಒಟ್ಟು 128. ಜೀ ಪವರ್ ಎಂಬ ಉಚಿತ ತಂತ್ರಾಂಶ ಈ ಲೆಕ್ಕವನ್ನು ಮಾಡಿಕೊಡುತ್ತದೆ. ಕಾರಣ ಮತ್ತು ಪರಿಣಾಮದ ಬಗ್ಗೆ ಧೈರ್ಯದಿಂದ ಮಾತನಾಡಲು ಆ 128 ಉತ್ತರಗಳು ವಾಟ್ಸ್ಯಾಪಿನ 384ಕ್ಕಿಂತ ಹೆಚ್ಚು ನೆರವಾಗುತ್ತವೆ.

ನಿಮ್ಮ ಮಾದರಿ ಎಷ್ಟು ವಾಲಿದೆ ಎಂದು ನೋಡಲು ಸರ್ಕಾರದ ಗೃಹ ಬಳಕೆ ವೆಚ್ಚ ಸಮೀಕ್ಷೆ ಇದೆ. 2023-24ರಲ್ಲಿ ನಗರಗಳಲ್ಲಿ ಒಬ್ಬರ ತಿಂಗಳ ಸರಾಸರಿ ವೆಚ್ಚ 6,996 ರೂಪಾಯಿ, ಹಳ್ಳಿಗಳಲ್ಲಿ 4,122 ರೂಪಾಯಿ. ನಿಮ್ಮ ಉತ್ತರದಾರರ ಸರಾಸರಿ ಇದರ ಮೂರು ಪಟ್ಟು ಇದ್ದರೆ, ನೀವು ಯಾರ ಬಗ್ಗೆ ಬರೆಯುತ್ತಿದ್ದೀರಿ ಎಂಬುದು ತಾನಾಗಿ ತಿಳಿಯುತ್ತದೆ.

8. ವಿಶ್ಲೇಷಣೆ

ಮೊದಲು ಕಸ ತೆಗೆಯಿರಿ: ಎಲ್ಲ ಪ್ರಶ್ನೆಗೂ 4 ಎಂದೇ ಗುರುತಿಸಿದವರು, ಎರಡು ನಿಮಿಷದಲ್ಲಿ ನಲವತ್ತು ಪ್ರಶ್ನೆ ಮುಗಿಸಿದವರು. ಎಷ್ಟನ್ನು, ಏಕೆ ತೆಗೆದಿರಿ ಎಂಬುದನ್ನು ಬರೆದಿಡಿ. ಆಮೇಲೆ ಕ್ರೋನ್‌ಬಾಕ್ ಆಲ್ಫಾ ನೋಡಿ. ಒಂದು ಕನ್‌ಸ್ಟ್ರಕ್ಟಿನ ಪ್ರಶ್ನೆಗಳು ಒಂದೇ ದಿಕ್ಕಿಗೆ ನಡೆಯುತ್ತವೆಯೇ ಎಂದು ಅಳೆಯುವ ಸಂಖ್ಯೆ ಇದು, 0.7ಕ್ಕಿಂತ ಮೇಲಿರಲಿ ಎನ್ನುವುದು ವಾಡಿಕೆ. 0.97 ಬಂತೆಂದು ಹಿಗ್ಗಬೇಡಿ, ಒಂದೇ ಪ್ರಶ್ನೆಯನ್ನು ಐದು ಸಲ ಕೇಳಿದಾಗ ಹಾಗಾಗುತ್ತದೆ.

ನಮ್ಮ ಪ್ರಾಜೆಕ್ಟುಗಳ ದೊಡ್ಡ ರೋಗವೆಂದರೆ ವಯಸ್ಸು, ಲಿಂಗ, ಆದಾಯ, ವಿದ್ಯೆಗಳನ್ನು ಪ್ರತಿಯೊಂದು ಪ್ರಶ್ನೆಗೂ ಜೋಡಿಸಿ, ಎರಡರ ನಡುವೆ ಸಂಬಂಧವಿದೆಯೇ ಎಂದು ನೋಡುವ ಕೈ-ವರ್ಗ (chi-square) ಪರೀಕ್ಷೆಗಳ ಸಾಲು ಹಚ್ಚುವುದು. 5 ಶೇಕಡ ಮಟ್ಟದಲ್ಲಿ ಇಪ್ಪತ್ತು ಪರೀಕ್ಷೆ ಮಾಡಿದರೆ, ಏನೂ ಇಲ್ಲದಿದ್ದರೂ ಸರಾಸರಿ ಒಂದು "ಮಹತ್ವದ್ದು" ಎಂದು ಬರುತ್ತದೆ. ಯಾವ ಎರಡು ಮೂರು ಊಹೆಗಳನ್ನು ಪರೀಕ್ಷಿಸುತ್ತೀರಿ ಎಂಬುದನ್ನು ಉತ್ತರಗಳು ಬರುವ ಮುನ್ನವೇ ದಿನಾಂಕ ಹಾಕಿ ಬರೆದು ಗೈಡ್‌ಗೆ ಕಳುಹಿಸಿ. ಬಂದ ಫಲಿತಾಂಶ ನಿಮ್ಮ ಊಹೆಗೆ ವಿರುದ್ಧವಾಗಿದ್ದರೆ ಹಾಗೆಯೇ ಬರೆಯಿರಿ. ಅದಕ್ಕಾಗಿ ಅಂಕ ಕಡಿಮೆಯಾಗಬೇಕಾದ್ದಿಲ್ಲ.

9. ಬರೆಯುವುದು, ಒಪ್ಪಿಸುವುದು, ವೈವಾ

ವಿಧಾನದ ಅಧ್ಯಾಯವನ್ನು ಮೊದಲು, ಪೀಠಿಕೆಯನ್ನು ಕೊನೆಗೆ ಬರೆಯಿರಿ. ಯುಜಿಸಿಯ 2018ರ ನಿಯಮಗಳ ಪ್ರಕಾರ ಬೇರೆ ಬರಹಗಳೊಡನೆ ಹೋಲಿಕೆ 10 ಶೇಕಡದವರೆಗೆ ದಂಡವಿಲ್ಲ; 10ರಿಂದ 40ರವರೆಗೆ ಇದ್ದರೆ ತಿದ್ದಿ ಮತ್ತೆ ಒಪ್ಪಿಸಬೇಕು, ಅದಕ್ಕಿಂತ ಮೇಲೆ ಶಿಕ್ಷೆ ಕಠಿಣವಾಗುತ್ತದೆ. ಎಐ ಸಾಧನಗಳು ಕೊಡುವ ಆಧಾರಗಳ ಪಟ್ಟಿಯಲ್ಲಿ ಇಲ್ಲದ ಲೇಖನಗಳೂ ಇರುತ್ತವೆ. ನೀವು ತೆರೆದು ಓದದ ಒಂದೇ ಒಂದು ಲೇಖನವೂ ನಿಮ್ಮ ಪಟ್ಟಿಯಲ್ಲಿ ಇರಬಾರದು.

ವೈವಾದಲ್ಲಿ ಪರೀಕ್ಷಕರು ತಪ್ಪದೆ ಕೇಳುವುದು ಎರಡು: ಈ ಸಿದ್ಧಾಂತವೇ ಏಕೆ, ಈ ಜನರೇ ಏಕೆ. ಎರಡಕ್ಕೂ ಉತ್ತರ ನಿಮ್ಮ ಎರಡನೆಯ ಹಂತದ ನೋಟ್‌ಬುಕ್ಕಿನಲ್ಲಿದೆ, ಅದನ್ನು ಜೊತೆಗೆ ಒಯ್ಯಿರಿ.

ಉತ್ತರ ಕೊಟ್ಟವರ ಹೆಸರು ಮತ್ತು ಫೋನ್ ಸಂಖ್ಯೆಗಳನ್ನು ಆರಂಭದಿಂದಲೇ ಬೇರೆ ಕಡತದಲ್ಲಿ ಇಡಿ, 18 ವರ್ಷ ತುಂಬದವರಾದರೆ ತಂದೆತಾಯಿಯ ಒಪ್ಪಿಗೆ ಪಡೆಯಿರಿ. ನಿಂತು ನೋಡಲು ಜಾಗ ಕೊಟ್ಟ ಅಂಗಡಿಯವರಿಗೂ ಬಿಲ್ಲು ಕೂಡಿಟ್ಟ ಮನೆಗಳಿಗೂ ಫಲಿತಾಂಶವನ್ನು ಅರ್ಧ ಪುಟದ ತಿಳಿಗನ್ನಡದಲ್ಲಿ ಕಳುಹಿಸಿ. ಅಂಕಪಟ್ಟಿ ಕೈಗೆ ಬಂದ ಮೇಲೆ ಫೋನ್ ಸಂಖ್ಯೆಗಳ ಕಡತವನ್ನು ಅಳಿಸಿಬಿಡಿ. ಹೆಸರಿಲ್ಲದ ಉತ್ತರಗಳ ಕಡತವನ್ನು ಇಟ್ಟುಕೊಳ್ಳಿ, ಮುಂದೆ ಪಿಎಚ್.ಡಿ. ಮಾಡಬೇಕೆಂದರೆ ನಿಮ್ಮ ಪೈಲಟ್ ಆಗಲೇ ಸಿದ್ಧವಾಗಿರುತ್ತದೆ.